‘ನಿಮಗೇ ಬಿಟ್ಟಿದ್ದೇವೆ’: ಅಡುಗೆಯವನಿಗೆ ಒಪ್ಪಿಸಿದ ಊಟ

ಹೋಟೆಲಿನಲ್ಲಿ ಕುಳಿತ ಕೂಡಲೇ ಮಾಣಿ ಕೇಳುವ ಮೊದಲ ಪ್ರಶ್ನೆ, "ಏನು ಕೊಡಲಿ ಸಾರ್?" ನಾವು ತಿಂಡಿಯ ಪಟ್ಟಿ ನೋಡುತ್ತೇವೆ, ಬೆಲೆ ನೋಡುತ್ತೇವೆ, ಪಕ್ಕದ ಮೇಜಿನವರ ತಟ್ಟೆಯನ್ನು ಓರೆಗಣ್ಣಿನಿಂದ ನೋಡುತ್ತೇವೆ. ಕೊನೆಗೆ ಎಂದಿನ ಮಸಾಲೆ ದೋಸೆಯನ್ನೇ ಹೇಳುತ್ತೇವೆ. ಈ ಪ್ರಶ್ನೆಯನ್ನೇ ಕೇಳದ ಊಟವೊಂದು ಜಪಾನಿನಲ್ಲಿದೆ. ಅದರ ಹೆಸರು ‘ಒಮಕಾಸೆ’. ಜಪಾನೀ ಭಾಷೆಯಲ್ಲಿ ಹಾಗೆಂದರೆ ‘ನಿಮಗೇ ಒಪ್ಪಿಸಿದ್ದೇನೆ’ ಎಂದು ಅರ್ಥ. ಏನು ತಿನ್ನಬೇಕು, ಯಾವುದರ ನಂತರ ಯಾವುದು, ಎಷ್ಟು ಎಂಬುದೆಲ್ಲವೂ ಅಡುಗೆಯವನ ತೀರ್ಮಾನ. ತಿನ್ನುವವರು ಅವನೆದುರಿಗಿನ ಕಟ್ಟೆಗೆ ಕುರ್ಚಿ ಎಳೆದು ಕೂರುತ್ತಾರೆ, ಅಷ್ಟೆ.

ಒಮಕಾಸೆ ಪದ್ಧತಿಯಲ್ಲಿ ಹೆಚ್ಚು ಪ್ರಸಿದ್ಧವಾದದ್ದು ಸುಶಿ. ಇದು ಹುಳಿ ಬೆರೆಸಿದ ಅನ್ನದ ಪುಟ್ಟ ಉಂಡೆ. ಅದರ ಮೇಲೆ ಸಾಮಾನ್ಯವಾಗಿ ಹಸಿ ಮೀನಿನ ತೆಳುವಾದ ಹೋಳು. ಒಳ್ಳೆಯ ಅಂಗಡಿಯಲ್ಲಿ ಒಬ್ಬರ ಊಟಕ್ಕೆ ಸಾವಿರಾರು ರೂಪಾಯಿ. ಆದ್ದರಿಂದ ಹುಟ್ಟುಹಬ್ಬ, ಮದುವೆಯ ವಾರ್ಷಿಕೋತ್ಸವ, ಮೊದಲ ಸಂಬಳ ಇಂಥ ವಿಶೇಷ ದಿನಗಳಿಗೆ ಜನ ಅದನ್ನು ಕಾದಿರಿಸುತ್ತಾರೆ. ವಿದ್ಯಾರ್ಥಿ ಮಿತ್ರರೇ, ಇಲ್ಲೊಂದು ಪ್ರಶ್ನೆ ಏಳುವುದು ಸಹಜ. ಬೇಯಿಸದ ಮೀನು, ಕೈತುಂಬ ಹಣ, ಪರಿಚಯವೇ ಇಲ್ಲದ ಅಡುಗೆಯವನು. ಯಾವ ಧೈರ್ಯದ ಮೇಲೆ ಜನ ಅವನೆದುರು ಬಾಯಿ ತೆರೆಯುತ್ತಾರೆ? ಆ ನಂಬಿಕೆಗೆ ಆಧಾರವೇನು?

ಜಯನಗರದ ಪಂಕ್ತಿ

ಉತ್ತರ ಹುಡುಕಲು ಮೊದಲು ಟೋಕಿಯೋಗೆ ಹೋಗಬೇಕಾಗಿಲ್ಲ. ಜಯನಗರದ ಯಾವುದಾದರೂ ಕಲ್ಯಾಣ ಮಂಟಪದಲ್ಲಿ ಮದುವೆಗೋ, ಷಷ್ಟಿಪೂರ್ತಿಗೋ ಊಟಕ್ಕೆ ಕುಳಿತದ್ದನ್ನು ನೆನಪಿಸಿಕೊಳ್ಳಿ. ಅಲ್ಲಿಯೂ ನಿಮ್ಮನ್ನು ಯಾರೂ "ಏನು ಬೇಕು?" ಎಂದು ಕೇಳುವುದಿಲ್ಲ. ತುದಿ ಎಡಕ್ಕೆ ಬರುವಂತೆ ಬಾಳೆ ಎಲೆ ಹಾಸುತ್ತಾರೆ. ಎಡ ಮೂಲೆಗೆ ಉಪ್ಪು, ಉಪ್ಪಿನಕಾಯಿ. ಮೇಲಂಚಿಗೆ ಕೋಸಂಬರಿ, ಪಲ್ಯ, ಗೊಜ್ಜು. ಮೊದಲಿಗೆ ಒಂದಿಷ್ಟು ಪಾಯಸ. ಆಮೇಲೆ ಬಿಸಿ ಅನ್ನ, ತೊವ್ವೆ, ತುಪ್ಪ. ಅದರ ಬೆನ್ನಿಗೆ ಸಾರು, ಹುಳಿ, ಚಿತ್ರಾನ್ನ, ಭಕ್ಷ್ಯ. ಕೊನೆಗೆ ಮೊಸರು, ಮಜ್ಜಿಗೆ. ಮನೆತನಕ್ಕೆ, ಪ್ರಾಂತ್ಯಕ್ಕೆ ತಕ್ಕಂತೆ ಈ ಕ್ರಮ ಸ್ವಲ್ಪ ಆಚೀಚೆ ಆಗಬಹುದು. ಆದರೆ ಕ್ರಮವೇ ಇಲ್ಲದ ಪಂಕ್ತಿ ಇಲ್ಲ.

ಈ ಕ್ರಮದಲ್ಲಿ ಬರೀ ಸಂಪ್ರದಾಯ ಮಾತ್ರವಲ್ಲ, ಒಂದಿಷ್ಟು ವಿಜ್ಞಾನವೂ ಅಡಗಿದೆ. ತುಪ್ಪವನ್ನು ಬಿಸಿ ಅನ್ನದ ಮೇಲೆಯೇ ಏಕೆ ಬಡಿಸುತ್ತಾರೆ? ಆರಿದ ಅನ್ನದ ಮೇಲೆ ತುಪ್ಪ ಕರಗಿ ಹರಡದು. ಅದರ ಪರಿಮಳವೂ ಮೇಲೇಳದು. ಮೊಸರು ಕೊನೆಗೇಕೆ? ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹಾಲು ಮೊಸರುಗಳಲ್ಲಿರುವ ಕೇಸೀನ್ ಎಂಬ ಪ್ರೋಟೀನು ಅದನ್ನು ಹಿಡಿದುಕೊಂಡು ನಾಲಗೆಯಿಂದ ಬಿಡಿಸುತ್ತದೆ. ಇನ್ನು ನಮ್ಮ ಬೆಂಗಳೂರಿನ ಮದುವೆಮನೆಯ ಚಿರೋಟಿಯನ್ನೇ ನೋಡಿ. ಬಾದಾಮಿ ಹಾಲನ್ನು ಎಲೆಯ ಮುಂದೆ ನಿಂತೇ ಸುರಿಯುತ್ತಾರೆ. ಅಡುಗೆಮನೆಯಲ್ಲೇ ಸುರಿದು ತಂದರೆ ಪದರಗಳು ಹಾಲನ್ನು ಹೀರಿ ಮೆತ್ತಗಾಗುತ್ತವೆ, ಚಿರೋಟಿ ಮುದ್ದೆಯಾಗುತ್ತದೆ. ಕೆಲವು ತಿನಿಸುಗಳು ಚೆನ್ನಾಗಿರುವುದು ಒಂದೆರಡು ನಿಮಿಷ ಮಾತ್ರ. ಆ ನಿಮಿಷವನ್ನು ಅರಿತವನು ಬಡಿಸುವವನು, ತಿನ್ನುವವನಲ್ಲ.

ಅಡುಗೆ ಕಾರ್ಯಕ್ರಮಗಳನ್ನು ತಯಾರಿಸುವ ನಮ್ಮಂಥವರಿಗೆ ಇಲ್ಲೇ ಒಂದು ಕೊರಗು. ಕ್ಯಾಮೆರಾ ಬಣ್ಣವನ್ನು ಹಿಡಿಯುತ್ತದೆ, ಮೈಕು ಒಗ್ಗರಣೆಯ ಸದ್ದನ್ನು ಹಿಡಿಯುತ್ತದೆ. ಆದರೆ ಬಿಸಿಯನ್ನು, ಪರಿಮಳವನ್ನು ನಿಮ್ಮ ಮನೆಗೆ ಕಳಿಸುವ ಉಪಕರಣ ಇನ್ನೂ ಬಂದಿಲ್ಲ. ಪರದೆಯ ಮೇಲೆ ಒಮಕಾಸೆಯನ್ನು ಎಷ್ಟೇ ನೋಡಿದರೂ ಅದರ ಅರ್ಧ ಭಾಗ ನಮಗೆ ಸಿಗುವುದಿಲ್ಲ.

ಹತ್ತು ಕುರ್ಚಿಯ ಅಂಗಡಿ

ಟೋಕಿಯೋ ನಗರದ ಗಿಂಜಾ ಪ್ರದೇಶದಲ್ಲಿ ‘ಸುಕಿಯಾಬಾಶಿ ಜಿರೋ’ ಎಂಬ ಸುಶಿ ಅಂಗಡಿಯಿದೆ. ಇರುವುದು ಕಟ್ಟಡವೊಂದರ ನೆಲಮಾಳಿಗೆಯಲ್ಲಿ. ಕಟ್ಟೆಯ ಮುಂದೆ ಹತ್ತೇ ಕುರ್ಚಿಗಳು. ಅದನ್ನು ಕಟ್ಟಿ ಬೆಳೆಸಿದ ಜಿರೋ ಓನೋ ಅವರು ಹುಟ್ಟಿದ್ದು 1925ರಲ್ಲಿ. ಅಲ್ಲಿ ಸುಮಾರು 20 ತುಂಡು ಸುಶಿಗಳು ಒಂದರ ಹಿಂದೊಂದು ಬರುತ್ತವೆ. ಇಡೀ ಊಟ ಅರ್ಧ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತದೆ. 2007ರಲ್ಲಿ ಮಿಶೆಲಿನ್ ಸಂಸ್ಥೆಯ ಹೋಟೆಲು ಕೈಪಿಡಿ ಇದಕ್ಕೆ ಮೂರು ನಕ್ಷತ್ರಗಳ ಮನ್ನಣೆ ನೀಡಿತು. 2014ರಲ್ಲಿ ಅಮೆರಿಕದ ಅಧ್ಯಕ್ಷ ಬರಾಕ್ ಒಬಾಮ ಅವರನ್ನು ಜಪಾನಿನ ಪ್ರಧಾನಿ ಶಿಂಜೋ ಅಬೆ ಊಟಕ್ಕೆ ಕರೆದೊಯ್ದದ್ದೂ ಇಲ್ಲಿಗೇ. ಸಾರ್ವಜನಿಕರು ನೇರವಾಗಿ ಜಾಗ ಕಾದಿರಿಸಲು ಆಗುವುದಿಲ್ಲ ಎಂಬ ಕಾರಣಕ್ಕೆ 2019ರಲ್ಲಿ ಕೈಪಿಡಿ ಈ ಅಂಗಡಿಯನ್ನು ಕೈಬಿಟ್ಟಿತು. ರುಚಿಯ ಬಗ್ಗೆ ದೂರಿರಲಿಲ್ಲ.

ಈ ಅಂಗಡಿಯನ್ನು ಕುರಿತು 2011ರಲ್ಲಿ ಒಂದು ಸಾಕ್ಷ್ಯಚಿತ್ರ ಬಂತು. ಅದರಲ್ಲಿ ಶಿಷ್ಯನೊಬ್ಬ ಮೊಟ್ಟೆಯ ತಿನಿಸೊಂದನ್ನು ಒಪ್ಪಿಗೆ ಸಿಗುವ ಮುನ್ನ 200ಕ್ಕೂ ಹೆಚ್ಚು ಬಾರಿ ಮಾಡಿದ ಪ್ರಸಂಗ ಬರುತ್ತದೆ. ‘ನಿಮಗೇ ಒಪ್ಪಿಸಿದ್ದೇನೆ’ ಎಂದು ಗಿರಾಕಿ ಹೇಳುವ ಒಂದು ಮಾತಿನ ಹಿಂದೆ ಇಂಥ ತಿರಸ್ಕೃತ ಪ್ರಯತ್ನಗಳ ಸಾಲೇ ಇದೆ.

ಸುಶಿಯ ಜೀವ ಅನ್ನದಲ್ಲಿ

ಸುಶಿ ಎಂದರೆ ಹಸಿ ಮೀನು ಎಂದು ಬಹಳ ಜನ ತಿಳಿದಿದ್ದಾರೆ. ವಾಸ್ತವದಲ್ಲಿ ಆ ಹೆಸರು ಸಲ್ಲುವುದು ಹುಳಿ ಅನ್ನಕ್ಕೆ. ಇದರ ಇತಿಹಾಸ ಸ್ವಾರಸ್ಯಕರವಾಗಿದೆ. ಹಿಂದೆ ಆಗ್ನೇಯ ಏಷ್ಯದ ಕಡೆಯಲ್ಲಿ ಮೀನನ್ನು ಉಪ್ಪು ಹಾಕಿ ಅನ್ನದ ನಡುವೆ ಹುದುಗಿಸಿ ತಿಂಗಳುಗಟ್ಟಲೆ ಕಾಪಾಡುತ್ತಿದ್ದರು. ಅನ್ನ ಹುದುಗಿದಾಗ ಲ್ಯಾಕ್ಟಿಕ್ ಆಮ್ಲ ಉಂಟಾಗುತ್ತದೆ. ಆ ಹುಳಿಯಲ್ಲಿ ಮೀನು ಕೊಳೆಯುವುದಿಲ್ಲ. ಜಪಾನಿನ ಬಿವಾ ಸರೋವರದ ಸುತ್ತಮುತ್ತ ಈ ಪದ್ಧತಿ ಇಂದಿಗೂ ಉಳಿದಿದೆ. ನಮ್ಮ ಮನೆಯ ಇಡ್ಲಿ ಹಿಟ್ಟು ರಾತ್ರಿ ಉಬ್ಬಿ ಬೆಳಗ್ಗೆ ಹುಳಿಯಾಗುವುದೂ ಇದೇ ಬಗೆಯ ಸೂಕ್ಷ್ಮಜೀವಿಗಳ ಕೆಲಸದಿಂದ.

ಕಾಲಕ್ರಮದಲ್ಲಿ ಅಷ್ಟು ದಿನ ಕಾಯುವ ತಾಳ್ಮೆ ಕಡಿಮೆಯಾಯಿತು. ಅನ್ನಕ್ಕೆ ನೇರವಾಗಿ ವಿನಿಗರ್ ಬೆರೆಸಿದರೆ ಅದೇ ಹುಳಿ ಒಡನೆಯೇ ಸಿಗುತ್ತದಲ್ಲವೆ? 19ನೇ ಶತಮಾನದ ಮೊದಲ ಭಾಗದಲ್ಲಿ, ಟೋಕಿಯೋಗೆ ಎದೋ ಎಂಬ ಹೆಸರಿದ್ದಾಗ, ಅನ್ನವನ್ನು ಕೈಯಲ್ಲಿ ಒತ್ತಿ ಮೇಲೆ ಮೀನಿಟ್ಟು ಕೊಡುವ ಸುಶಿ ಜನಪ್ರಿಯವಾಯಿತು. ಹನಾಯಾ ಯೋಹೇ ಎಂಬ ವ್ಯಾಪಾರಿಯ ಹೆಸರು ಇದರೊಂದಿಗೆ ಸೇರಿಕೊಂಡಿದೆ. ಆಗ ಅದು ಬೀದಿಬದಿಯ ಗಾಡಿಯಲ್ಲಿ ನಿಂತು ತಿನ್ನುವ ತಿಂಡಿ. ಗಾಂಧಿ ಬಜಾರಿನ ಮೂಲೆಯಲ್ಲಿ ನಾವು ನಿಂತು ತಿನ್ನುವ ಚುರುಮುರಿಯ ಹಾಗೆ!

ಈ ಅನ್ನಕ್ಕೆ ಬೇಕಾದದ್ದು ಗುಂಡು ಕಾಳಿನ ಅಕ್ಕಿ. ಅಕ್ಕಿಯ ಪಿಷ್ಟದಲ್ಲಿ ಎರಡು ಬಗೆ: ಅಮೈಲೋಸ್ ಮತ್ತು ಅಮೈಲೋಪೆಕ್ಟಿನ್. ಅಮೈಲೋಸ್ ಹೆಚ್ಚಿದ್ದರೆ ಅನ್ನ ಉದುರುದುರಾಗುತ್ತದೆ, ಕಡಿಮೆಯಿದ್ದರೆ ಅಂಟಿಕೊಳ್ಳುತ್ತದೆ. ಜಪಾನಿನ ಅಕ್ಕಿಯಲ್ಲಿ ಅದು ಕಡಿಮೆ. ಬಿಸಿ ಅನ್ನಕ್ಕೆ ವಿನಿಗರ್, ಉಪ್ಪು, ಸಕ್ಕರೆ ಬೆರೆಸಿ ಗಾಳಿ ಹಾಕಿ ಆರಿಸುತ್ತಾರೆ. ಕೊಡುವಾಗ ಅದು ಹೆಚ್ಚುಕಡಿಮೆ ನಮ್ಮ ಮೈಬಿಸಿಯಷ್ಟಿರಬೇಕು. ತಣ್ಣಗಾದಂತೆ ಪಿಷ್ಟದ ಅಣುಗಳು ಮತ್ತೆ ಒತ್ತಾಗಿ ಜೋಡಿಕೊಂಡು ಅನ್ನ ಗಟ್ಟಿಯಾಗುತ್ತದೆ. ಕಟ್ಟೆಯ ಮುಂದೆ ಇಟ್ಟ ತುಂಡನ್ನು ಕೂಡಲೇ ತಿನ್ನಬೇಕು ಎನ್ನುವುದಕ್ಕೆ ಇದೇ ಕಾರಣ.

ಹುಳಿಗೆ ಇನ್ನೊಂದು ಮುಖ್ಯ ಕೆಲಸವಿದೆ. ಬೇಯಿಸಿದ ಅನ್ನವನ್ನು ಬೆಚ್ಚಗಿನ ಜಾಗದಲ್ಲಿ ಬಹಳ ಹೊತ್ತು ಬಿಟ್ಟರೆ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯ ಬೆಳೆದು ವಾಂತಿಭೇದಿ ತರಬಲ್ಲ ವಿಷವನ್ನು ಬಿಡುತ್ತದೆ. ಅನ್ನದ ಪಿಎಚ್ ಸಾಕಷ್ಟು ಇಳಿದರೆ, ಅಂದರೆ ಹುಳಿ ಸಾಕಷ್ಟಿದ್ದರೆ, ಅದು ಬೆಳೆಯಲಾರದು. ದೂರದ ಪ್ರಯಾಣಕ್ಕೆ ಅಜ್ಜಿ ಪುಳಿಯೋಗರೆ ಕಟ್ಟಿಕೊಡುತ್ತಿದ್ದರಲ್ಲ, ಅಲ್ಲಿ ಹುಣಿಸೆಹಣ್ಣು ಮಾಡುತ್ತಿದ್ದ ಕೆಲಸವನ್ನು ಇಲ್ಲಿ ವಿನಿಗರ್ ಮಾಡುತ್ತದೆ.

ತಾಜಾ ಮೀನೇ ರುಚಿಯೆ?

ಆಗ ತಾನೇ ಹಿಡಿದ ಮೀನೇ ಅತ್ಯಂತ ರುಚಿ ಎಂಬ ಮಾತು ಪೂರ್ತಿ ನಿಜವಲ್ಲ. ಮೀನಿನ ಸ್ನಾಯುಗಳಲ್ಲಿ ಶಕ್ತಿಯನ್ನು ಹಿಡಿದಿಡುವ ಎಟಿಪಿ ಎಂಬ ಸಂಯುಕ್ತವಿದೆ. ನೀವು ಜೀವಶಾಸ್ತ್ರದ ಪಾಠದಲ್ಲಿ ಓದಿರುತ್ತೀರಿ. ಮೀನು ಸತ್ತ ಮೇಲೆ ಅದು ಹಂತಹಂತವಾಗಿ ಒಡೆದು ಇನೋಸಿನೇಟ್ ಆಗುತ್ತದೆ. ನಾಲಗೆಗೆ ತುಂಬಿಕೊಳ್ಳುವ ಒಂದು ವಿಶಿಷ್ಟ ರುಚಿ ಇದರಿಂದ ಬರುತ್ತದೆ. ಇನ್ನೂ ಹೊತ್ತು ಕಳೆದರೆ ಇನೋಸಿನೇಟ್ ಕೂಡ ಒಡೆದು ಕಹಿಯ ಕಡೆಗೆ ತಿರುಗುತ್ತದೆ. ಇವೆರಡರ ನಡುವಿನ ಸರಿಯಾದ ಹೊತ್ತನ್ನು ಗುರುತಿಸುವುದೇ ಅಡುಗೆಯವನ ವಿದ್ಯೆ. ಕೆಲವು ಮೀನುಗಳನ್ನು ಅದೇ ದಿನ ಕೊಡುತ್ತಾನೆ. ಟ್ಯೂನಾದಂಥ ದೊಡ್ಡ ಮೀನನ್ನು ತಣ್ಣಗೆ ಕೆಲವು ದಿನ ಇಟ್ಟು ಕೊಡುತ್ತಾನೆ.

ಈ ರುಚಿಗೆ ಜಪಾನಿನ ರಸಾಯನ ವಿಜ್ಞಾನಿ ಕಿಕುನಾಎ ಇಕೆದಾ 1908ರಲ್ಲಿ ‘ಉಮಾಮಿ’ ಎಂದು ಹೆಸರಿಟ್ಟರು. ಕೊಂಬು ಎಂಬ ಕಡಲಕಳೆಯ ಕಷಾಯದಲ್ಲಿ ಗ್ಲುಟಮೇಟ್ ಇರುವುದನ್ನು ಅವರು ಕಂಡುಹಿಡಿದರು. ಅವರ ಶಿಷ್ಯ ಶಿಂತಾರೋ ಕೊದಾಮಾ 1913ರಲ್ಲಿ ಒಣಮೀನಿನಲ್ಲಿ ಇನೋಸಿನೇಟನ್ನು ಗುರುತಿಸಿದರು. ಇವೆರಡೂ ಸೇರಿದಾಗ ರುಚಿ ಹಲವು ಪಟ್ಟು ಹೆಚ್ಚುತ್ತದೆ. ಮಾಗಿದ ಟೊಮೆಟೊ ಹಣ್ಣಿನಲ್ಲೂ ಗ್ಲುಟಮೇಟ್ ಇದೆ. ಟೊಮೆಟೊ ಸಾರಿನ ರುಚಿಗೆ ಅದೂ ಒಂದು ಕಾರಣ.

ಮೂಗಿಗೇರುವ ಖಾರ

ಮೀನಿನ ಅಡಿಯಲ್ಲಿ ಹಸಿರು ಬಣ್ಣದ ವಸಾಬಿಯನ್ನು ಸವರುತ್ತಾರೆ. ಇದು ಗಿಡದ ಕಾಂಡವನ್ನು ತುರಿದು ಪಡೆದದ್ದು. ತುರಿದಾಗ ಜೀವಕೋಶಗಳು ಒಡೆದು ಒಂದು ಕಿಣ್ವ ಹೊರಬಂದು ಖಾರದ ಸಂಯುಕ್ತವನ್ನು ಉತ್ಪತ್ತಿ ಮಾಡುತ್ತದೆ. ಅದು ಬೇಗ ಆವಿಯಾಗುವಂಥದು. ಆದ್ದರಿಂದಲೇ ಮೂಗಿಗೇರುತ್ತದೆ, ಕೆಲವು ನಿಮಿಷಗಳಲ್ಲಿ ಕಡಿಮೆಯೂ ಆಗುತ್ತದೆ. ನಮ್ಮ ಸಾಸಿವೆಯ ಘಾಟಿನಲ್ಲಿರುವುದೂ ಇದೇ ಸಂಯುಕ್ತ.

ಒಂದು ಪ್ರಯೋಗವನ್ನು ಮನೆಯಲ್ಲೇ ಮಾಡಿ ನೋಡಿ. ಒಂದು ಚಮಚ ಸಾಸಿವೆಯನ್ನು ಒಣಗಿದಂತೆಯೇ ನುಣ್ಣಗೆ ಪುಡಿ ಮಾಡಿ ಎರಡು ಬಟ್ಟಲುಗಳಿಗೆ ಹಂಚಿ. ಒಂದಕ್ಕೆ ತಣ್ಣೀರು ಹಾಕಿ ಕಲಸಿ. ಇನ್ನೊಂದಕ್ಕೆ ಕುದಿಯುವ ನೀರು. ಹತ್ತು ನಿಮಿಷ ಬಿಟ್ಟು, ಮೂಗನ್ನು ತೀರ ಹತ್ತಿರ ಒಯ್ಯದೆ, ವಾಸನೆ ನೋಡಿ. ತಣ್ಣೀರಿನದು ಘಾಟಾಗಿರುತ್ತದೆ, ಬಿಸಿನೀರಿನದು ಸಪ್ಪೆ. ಕುದಿನೀರು ಕಿಣ್ವವನ್ನು ಹಾಳುಮಾಡಿದ್ದೇ ಇದಕ್ಕೆ ಕಾರಣ. ವಸಾಬಿಯನ್ನು ಗಿರಾಕಿಯ ಮುಂದೆಯೇ ತುರಿಯುವುದೇಕೆಂಬುದು ಈಗ ತಿಳಿಯಿತಲ್ಲವೆ?

ಹಸಿ ಮೀನಿನ ಅಪಾಯ

ಇಲ್ಲಿಯವರೆಗೆ ರುಚಿಯ ಮಾತಾಯಿತು. ಇನ್ನು ಪ್ರಾಣದ ಮಾತು. ಸಮುದ್ರದ ಕೆಲವು ಮೀನುಗಳಲ್ಲಿ ಅನಿಸಾಕಿಸ್ ಎಂಬ ಪರೋಪಜೀವಿ ಹುಳುಗಳಿರುತ್ತವೆ. ಜೀವಂತ ಹುಳು ಹೊಟ್ಟೆಗೆ ಹೋದರೆ ತೀವ್ರವಾದ ನೋವು, ವಾಂತಿ ಬರಬಹುದು. ಬೇಯಿಸಿದರೆ ಅದು ಸಾಯುತ್ತದೆ. ಬೇಯಿಸದಿದ್ದರೆ ಸಾಮಾನ್ಯವಾಗಿ ಚಳಿಯೇ ದಾರಿ: ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗೆ 7 ದಿನ, ಇಲ್ಲವೇ 35 ಡಿಗ್ರಿ ಕೆಳಗೆ ಗಟ್ಟಿಯಾಗಿಸಿ 15 ಗಂಟೆ ಇಡಬೇಕು. ನಮ್ಮ ಮನೆಯ ಫ್ರಿಜ್ಜಿನ ಮೇಲಿನ ಖಾನೆ ಇದಕ್ಕೆ ಸಾಲದು. ಕೆರೆ, ಹೊಳೆಗಳ ಮೀನಿನಲ್ಲಿ ಬೇರೆ ಬಗೆಯ ಹುಳುಗಳ ಅಪಾಯವೂ ಉಂಟು. ಹೀಗಾಗಿ ಮಾರುಕಟ್ಟೆಯಿಂದ ಮೀನು ತಂದು ಮನೆಯಲ್ಲಿ ಹಸಿಯಾಗಿ ತಿನ್ನುವ ಸಾಹಸಕ್ಕೆ ಯಾರೂ ಕೈ ಹಾಕಬಾರದು.

ಇನ್ನೊಂದು ಅಪಾಯ ಹಿಸ್ಟಮಿನ್‌ನದು. ಬಂಗುಡೆ, ಟ್ಯೂನಾ ಮುಂತಾದ ಮೀನುಗಳನ್ನು ಹಿಡಿದ ಕೂಡಲೇ ತಣ್ಣಗಿಡದಿದ್ದರೆ ಬ್ಯಾಕ್ಟೀರಿಯಗಳು ಅದನ್ನು ಉಂಟುಮಾಡುತ್ತವೆ. ಮುಖ ಕೆಂಪೇರುವುದು, ತಲೆನೋವು, ಎದೆ ಬಡಿತ ಇದರ ಲಕ್ಷಣಗಳು. ಒಮ್ಮೆ ಉಂಟಾದ ಹಿಸ್ಟಮಿನ್ ಬೇಯಿಸಿದರೂ ಹೋಗದು. ಮಲ್ಪೆ, ಮಂಗಳೂರುಗಳ ದೋಣಿಗಳು ಮಂಜುಗಡ್ಡೆ ಹೇರಿಕೊಂಡೇ ಕಡಲಿಗಿಳಿಯುವುದು ಇಂಥ ಕಾರಣಗಳಿಂದಲೇ. ಬೆಂಗಳೂರಿಗೆ ಕಡಲು ನೂರಾರು ಕಿಲೋಮೀಟರ್ ದೂರ. ದೋಣಿಯಿಂದ ಕಟ್ಟೆಯವರೆಗೆ ಆ ಚಳಿಯ ಸರಪಳಿ ಒಂದು ಕಡೆಯೂ ಕಡಿಯಬಾರದು. ನಮ್ಮ ಊರಿನಲ್ಲಿ ಒಳ್ಳೆಯ ಸುಶಿಗೆ ಕೊಡುವ ಹಣದ ಒಂದು ಪಾಲು ಈ ಚಳಿಗೆ ಕೊಡುವ ಬಾಡಿಗೆ.

ತೆರೆದ ಅಡುಗೆಮನೆ

ಹಾಗಾದರೆ ಅಡುಗೆಯವನು ಇವನ್ನೆಲ್ಲ ಸರಿಯಾಗಿ ಮಾಡುತ್ತಾನೆಂದು ನಮಗೆ ಗೊತ್ತಾಗುವುದು ಹೇಗೆ? ಇದಕ್ಕೊಂದು ಉತ್ತರ ಜಯನಗರದ ಉತ್ತರಕ್ಕೆ, ಲಾಲ್‌ಬಾಗ್ ರಸ್ತೆಯಲ್ಲಿದೆ. 1924ರಲ್ಲಿ ಕರಾವಳಿಯಿಂದ ಬಂದ ಮಯ್ಯ ಸೋದರರು ಅಲ್ಲಿ ತೆರೆದ ಹೋಟೆಲು ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್, ಅಂದರೆ ಎಂ.ಟಿ.ಆರ್. ಎಂದು ಹೆಸರಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವವಾದಾಗ ರವೆ ಇಡ್ಲಿಯನ್ನು ರೂಪಿಸಿದ ಕೀರ್ತಿ ಇವರದು. ದಿನಕ್ಕೆ ಸಿಕ್ಕ ಸಾಮಾನಿನಲ್ಲಿ ಒಳ್ಳೆಯದನ್ನು ಮಾಡಿ ಬಡಿಸುವುದು, ಗಿರಾಕಿ ಅದನ್ನು ನಂಬಿ ತಿನ್ನುವುದು. ಒಮಕಾಸೆಯ ತಿರುಳೂ ಇದೇ ತಾನೆ?

ಯಜ್ಞನಾರಾಯಣ ಮಯ್ಯ ಅವರು 1951ರಲ್ಲಿ ಯೂರೋಪ್ ಪ್ರವಾಸ ಮಾಡಿ ಬಂದ ಮೇಲೆ ಶುಚಿತ್ವಕ್ಕೆ ಇನ್ನಷ್ಟು ಗಮನ ಕೊಟ್ಟರು. ಪಾತ್ರೆಗಳನ್ನು ಹಬೆಯಲ್ಲಿ ಶುದ್ಧಿ ಮಾಡುವ ಏರ್ಪಾಡು ಬಂತು. ಗಿರಾಕಿಗಳು ಅಡುಗೆಮನೆಯನ್ನು ಕಣ್ಣಾರೆ ನೋಡುವ ಅವಕಾಶವೂ ಒದಗಿತು. "ನಂಬಿ" ಎಂದು ಬಾಯಲ್ಲಿ ಹೇಳುವ ಬದಲು "ಬಂದು ನೋಡಿ" ಎಂದರು. ಸುಶಿಯ ಕಟ್ಟೆಯೂ ಇದನ್ನೇ ಹೇಳುತ್ತದೆ. ಅಲ್ಲಿ ಅಡುಗೆಯವನ ಕೈ, ಚಾಕು, ಹಲಗೆ, ಒರೆಸುವ ಬಟ್ಟೆ ಎಲ್ಲವೂ ಗಿರಾಕಿಯ ಎದುರಿಗೇ ಇವೆ. ಬಚ್ಚಿಡಲು ಗೋಡೆಯೇ ಇಲ್ಲ.

ತಿನ್ನುವವರ ಪಾಲು

ಆಯ್ಕೆಯನ್ನು ಬಿಟ್ಟುಕೊಟ್ಟೆವೆಂದರೆ ಮಾತನ್ನೂ ಬಿಟ್ಟುಕೊಟ್ಟೆವೆಂದಲ್ಲ. ಜಾಗ ಕಾದಿರಿಸುವಾಗಲೇ ಕೆಲವು ವಿಷಯಗಳನ್ನು ಹೇಳಬೇಕು. ಯಾವ ಪದಾರ್ಥ ಮೈಗೆ ಒಗ್ಗದು, ಯಾವುದನ್ನು ನಿಮ್ಮಲ್ಲಿ ತಿನ್ನುವುದಿಲ್ಲ ಎಂಬುದನ್ನು ಮುಚ್ಚಿಡಬಾರದು. ಗರ್ಭಿಣಿಯರು, ರೋಗನಿರೋಧಕ ಶಕ್ತಿ ಕುಂದಿದವರು ಹಸಿ ಮೀನಿನಿಂದ ದೂರವಿರುವುದು ಕ್ಷೇಮ. ಒಟ್ಟು ಎಷ್ಟಾಗುತ್ತದೆ ಎಂದು ಮೊದಲೇ ಕೇಳುವುದರಲ್ಲಿ ಸಂಕೋಚ ಬೇಡ. ಹೇಳಿದ ಹೊತ್ತಿಗೆ ಸರಿಯಾಗಿ ಹೋಗಬೇಕು. ಅನ್ನದ ಬಿಸಿಯನ್ನು ಆ ಹೊತ್ತಿಗೆ ಲೆಕ್ಕ ಹಾಕಿರುತ್ತಾರೆ. ಅತ್ತರು, ಸೆಂಟು ಪೂಸಿಕೊಂಡು ಹೋದರೆ ಪಕ್ಕದವರಿಗೂ ಮೀನಿನ ನವಿರಾದ ವಾಸನೆ ತಿಳಿಯದಂತಾಗುತ್ತದೆ. ಸುಶಿಯನ್ನು ಕೈಯಿಂದಲೇ ತಿನ್ನಬಹುದು. ಇದು ನಮಗೆ ಹೇಳಿಕೊಡಬೇಕಾದ ವಿದ್ಯೆಯಲ್ಲ.

ಸಸ್ಯಾಹಾರಿಗಳ ಮಾತೇನು? ಸೌತೆಕಾಯಿ, ಅಣಬೆ, ಸೋಯಾದ ತೋಫು ಇವುಗಳ ಸುಶಿಯೂ ಉಂಟು. ಆದರೆ ಜಪಾನಿನ ಸಾರು, ಸಾಸ್‌ಗಳಿಗೆ ಒಣಮೀನಿನ ಕಷಾಯ ಬೆರೆಸುವುದು ಸಾಮಾನ್ಯ. "ಮೀನಿಲ್ಲ" ಎಂಬ ಉತ್ತರದಿಂದ ತೃಪ್ತರಾಗದೆ, "ಕಷಾಯ ಯಾವುದರದು?" ಎಂದೂ ಕೇಳಬೇಕು. ಜಪಾನಿನ ಬೌದ್ಧ ಮಠಗಳ ಶೋಜಿನ್ ಅಡುಗೆಯಲ್ಲಿ ಕಡಲಕಳೆ ಮತ್ತು ಒಣ ಅಣಬೆಗಳ ಕಷಾಯವನ್ನೇ ಬಳಸುತ್ತಾರೆ. ಹಾಗೆ ಮಾಡಿಕೊಡಲು ಸಾಧ್ಯವೇ ಎಂದು ಕೇಳಬಹುದು.

ನಮ್ಮ ಪಂಕ್ತಿಯಲ್ಲಿಯೂ ತಿನ್ನುವವರಿಗೆ ಒಂದು ಮಾತಿನ ಅಧಿಕಾರವಿದೆ. ಅದು ‘ಸಾಕು’. ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬಡಿಸುವವರು ನಿಲ್ಲಿಸುತ್ತಾರೆ. ಆ ಮಾತನ್ನು ಹೊತ್ತಿಗೆ ಸರಿಯಾಗಿ ಆಡದೆ ಎಲೆಯ ತುಂಬ ಬಿಟ್ಟೇಳುವುದು ಅಡುಗೆಯವನಿಗೆ ಮಾಡುವ ಅಗೌರವ. ಒಮಕಾಸೆಯಲ್ಲಿಯೂ ಹೊಟ್ಟೆ ತುಂಬಿದಾಗ "ಇಷ್ಟು ಸಾಕು" ಎಂದು ವಿನಯದಿಂದ ಹೇಳಬಹುದು.

ಮಿತ್ರರೇ, ಸಾವಿರಾರು ರೂಪಾಯಿಯ ಆ ಕಟ್ಟೆಗೆ ನೀವು ಎಂದಾದರೂ ಹೋಗಬಹುದು, ಹೋಗದೆಯೂ ಇರಬಹುದು. ಆದರೆ ಔಷಧಿಗಾಗಿ ವೈದ್ಯರನ್ನು, ಪ್ರಯಾಣಕ್ಕಾಗಿ ಬಸ್ಸಿನ ಚಾಲಕರನ್ನು ನಾವು ದಿನವೂ ನಂಬುತ್ತೇವೆ. ಕೆಲಸ ಬಲ್ಲವರು ತಮ್ಮ ಕೆಲಸವನ್ನು ತೆರೆದು ತೋರಿಸಬೇಕು. ನಂಬುವವರು ತಿಳಿದು, ಕೇಳಿ ನಂಬಬೇಕು. ಮುಂದಿನ ಮದುವೆಯೂಟದಲ್ಲಿ ಚಿರೋಟಿಯ ಮೇಲೆ ಬಾದಾಮಿ ಹಾಲು ಬಿದ್ದಾಗ ಮಾತು ನಿಲ್ಲಿಸಿ ಮೊದಲು ಅದನ್ನು ತಿನ್ನಿ. ಬಡಿಸಿದವರಿಗೆ ಒಂದು ಒಳ್ಳೆಯ ಮಾತು ಹೇಳಿ. ಸಾಧ್ಯವಾದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಇದನ್ನು ಹೇಗೆ ಮಾಡಿದಿರಿ ಭಟ್ಟರೇ?" ಎಂದು ಕೇಳಿ ನೋಡಿ.